ಹಿತ್ತಿಲ ಜೇನು ಪೇಟೆಗೆ ಹೊರಟಾಗ

ಅರಸೀಕೆರೆಯ ತೆಂಗು, ಹಳೇಬೀಡಿನ ಹೊಲ, ಬೇಲೂರಿನ ಕಾಫಿ: ಈ ಮೂರು ಸೀಮೆಗಳ ನಡುವೆ ಜೇನು ಸಾಕಣೆಯು ಹವ್ಯಾಸದಿಂದ ಕಸುಬಾಗುವ ಬಗೆ

ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡುಗಳನ್ನು ಹಾದು ಬೇಲೂರನ್ನು ಸೇರುವ ದಾರಿ ಸುಮಾರು ೬೦ ಕಿಲೋಮೀಟರಿನದು. ಯಾತ್ರಿಕರಿಗೆ ಇದು ಹೊಯ್ಸಳರ ದಾರಿ. ಅರಸೀಕೆರೆಯ ಈಶ್ವರ ದೇವಾಲಯದಿಂದ ಹೊರಟವರು ಹಳೇಬೀಡಿನ ಹೊಯ್ಸಳೇಶ್ವರನನ್ನು ಕಂಡು, ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನಿಗೆ ಕೈಮುಗಿದು ಊರಿಗೆ ಮರಳುತ್ತಾರೆ. ಆದರೆ ಇದೇ ದಾರಿಯನ್ನು ಬೇರೊಂದು ಕಣ್ಣಿನಿಂದ ನೋಡುವವರೂ ಉಂಟು. ಅವರ ದೃಷ್ಟಿ ಶಿಲಾಬಾಲಿಕೆಯರಿಗಿಂತ ಮೊದಲು ಹರಿಯುವುದು ತೆಂಗಿನ ಹೊಂಬಾಳೆಯ ಕಡೆಗೆ, ಬೇಲಿಯ ಹೊಂಗೆಯ ಕಡೆಗೆ, ಹೊಲದ ಅಂಚಿನ ಹುಚ್ಚೆಳ್ಳಿನ ಹಳದಿಯ ಕಡೆಗೆ, ಕಾಫಿ ಗಿಡದ ಬಿಳಿಯ ಹೂವಿನ ಕಡೆಗೆ. ಅವರು ಜೇನು ಸಾಕುವವರು.

ಹಿತ್ತಿಲಲ್ಲಿ ಒಂದೆರಡು ಜೇನುಪೆಟ್ಟಿಗೆಗಳನ್ನಿಟ್ಟುಕೊಂಡಿರುವ ಗೃಹಸ್ಥರು ಈ ಸೀಮೆಗೆ ಹೊಸಬರಲ್ಲ. ಶಾಲೆಯ ಕೆಲಸ ಮುಗಿಸಿ ಬಂದ ಉಪಾಧ್ಯಾಯರೊಬ್ಬರು ಸಂಜೆಯ ಬಿಸಿಲಿನಲ್ಲಿ ಪೆಟ್ಟಿಗೆಯ ಬಾಗಿಲ ಬಳಿ ಕುಳಿತು, ನೊಣಗಳು ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬರುವ ಚೆಂದವನ್ನು ನೋಡುತ್ತಾರೆ ಎನ್ನಿ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಜೇನು ತೆಗೆಯುತ್ತಾರೆ. ಮನೆಗೆ ಒಂದು ಸೀಸೆ, ಮಗಳ ಮನೆಗೆ ಒಂದು, ನೆರೆಯವರಿಗೆ ಒಂದು. ಮಿಕ್ಕದ್ದನ್ನು ಕೇಳಿದವರಿಗೆ ಮಾರುತ್ತಾರೆ. ಕೊಂಡವರೆಲ್ಲ ಮತ್ತೆ ಕೇಳುತ್ತಾರೆ. ಆಗ ಮನಸ್ಸಿನಲ್ಲಿ ಒಂದು ಗುಣಾಕಾರ ಏಳುವುದು ಸಹಜ: ಎರಡು ಪೆಟ್ಟಿಗೆ ಇಷ್ಟು ಕೊಟ್ಟರೆ, ಇನ್ನೂರು ಪೆಟ್ಟಿಗೆ ಎಷ್ಟು ಕೊಟ್ಟೀತು?

ಈ ಗುಣಾಕಾರ ಬರಿಯ ಕನಸೇನೂ ಅಲ್ಲ. ಉತ್ತರ ಕನ್ನಡ ಜಿಲ್ಲೆಯ ಮಧುಕೇಶ್ವರ ಹೆಗಡೆಯವರ ಹೆಸರನ್ನು ಪ್ರಧಾನಮಂತ್ರಿಗಳು ೨೦೨೨ರ ಜುಲೈ ೩೧ರ ಆಕಾಶವಾಣಿ ಭಾಷಣದಲ್ಲಿ ಎತ್ತಿ ಹೇಳಿದ್ದರು. ಸರ್ಕಾರದ ಸಹಾಯಧನ ಪಡೆದು ೫೦ ಕುಟುಂಬಗಳಿಂದ ಮೊದಲಿಟ್ಟ ಅವರು ಆ ಹೊತ್ತಿಗೆ ೮೦೦ಕ್ಕೂ ಹೆಚ್ಚು ಕುಟುಂಬಗಳ ಒಡೆಯರಾಗಿದ್ದರು. ಟನ್ನುಗಟ್ಟಲೆ ಜೇನು ಮಾರುತ್ತಿದ್ದರು. ಸಾಧ್ಯ ಎಂಬುದಕ್ಕೆ ಇಷ್ಟು ನಿದರ್ಶನ ಸಾಕು. ಆದರೆ ಎರಡರಿಂದ ಇನ್ನೂರಕ್ಕೆ ಏರುವ ದಾರಿಯಲ್ಲಿ ಬಡಗಿಯ ಅಂಗಡಿಯೊಂದೇ ಇದ್ದಿದ್ದರೆ ಎಲ್ಲರೂ ಏರಿಬಿಡುತ್ತಿದ್ದರು. ಪೆಟ್ಟಿಗೆಯನ್ನು ಹಣ ಕೊಟ್ಟು ಮಾಡಿಸಬಹುದು, ಹೂವನ್ನು ಮಾಡಿಸಲಾಗದು. ಜೇನನ್ನು ಕಸುಬಾಗಿ ಹಿಡಿಯುವವನು ಪೆಟ್ಟಿಗೆ ಎಣಿಸುವ ಮೊದಲು ಹೂವನ್ನು ಎಣಿಸಬೇಕು.

ನೆರೆಯವರ ಹೊಲವೇ ಜೇನುಗಾರನ ಹೊಲ

ನಮ್ಮ ನಾಡಿನಲ್ಲಿ ಹೆಜ್ಜೇನು, ಕೋಲುಜೇನು, ತುಡುವೆ, ಮುಜಂಟಿ ಎಂಬ ನಾಲ್ಕು ಬಗೆಯ ಜೇನುಗಳು ಹಿಂದಿನಿಂದ ಇವೆ. ಮರದ ಪೊಟರೆ, ಹುತ್ತ, ಗೋಡೆಯ ಸಂದುಗಳಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿಗಳನ್ನು ಕಟ್ಟುವ ತುಡುವೆ ಮಾತ್ರ ಮರದ ಪೆಟ್ಟಿಗೆಗೆ ಚೆನ್ನಾಗಿ ಒಗ್ಗಿದ ದೇಶೀ ಜೇನು. ೧೮೫೧ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಎಂಬವರು ಎರಿಗಳ ನಡುವೆ ನೊಣವು ಅಂಗುಲದ ಎಂಟರಲ್ಲಿ ಮೂರು ಪಾಲಿನಷ್ಟು ಓಣಿಯನ್ನು ತೆರವಾಗಿ ಬಿಡುತ್ತದೆಂಬ ಸೂಕ್ಷ್ಮವನ್ನು ಗ್ರಹಿಸಿ, ಚೌಕಟ್ಟುಗಳನ್ನು ಎತ್ತಿ ಇಳಿಸಬಹುದಾದ ಪೆಟ್ಟಿಗೆಯನ್ನು ರೂಪಿಸಿದರು. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ನ್ಯೂಟನ್ ಅವರು ೧೯೧೦ರ ದಶಕದಲ್ಲಿ ಅದೇ ತತ್ತ್ವವನ್ನು ನಮ್ಮ ಚಿಕ್ಕ ತುಡುವೆಗೆ ಹೊಂದಿಸಿ ಕಿರಿದಾದ ಪೆಟ್ಟಿಗೆ ಮಾಡಿದರು. ಕೆಳಗೆ ಸಂಸಾರಕೋಣೆ, ಮೇಲೆ ಜೇನುಕೋಣೆ ಇರುವ ಆ ನ್ಯೂಟನ್ ಪೆಟ್ಟಿಗೆ ಈಗಲೂ ದಕ್ಷಿಣ ದೇಶದ ಹಿತ್ತಿಲುಗಳಲ್ಲಿ ಕಾಣಸಿಗುತ್ತದೆ.

ತುಡುವೆಯ ನೊಣ ಮೇವಿಗಾಗಿ ಹೆಚ್ಚಾಗಿ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ ಹಾರಾಡುತ್ತದೆ. ಪೆಟ್ಟಿಗೆಯನ್ನು ನಡುವಿಟ್ಟು ಅಷ್ಟು ದೂರದ ವೃತ್ತವೊಂದನ್ನು ಎಳೆದರೆ ಅದರೊಳಗೆ ಸುಮಾರು ೭೭೫ ಎಕರೆ ನೆಲ ಸೇರುತ್ತದೆ. ಜೇನುಗಾರನಿಗೆ ಸ್ವಂತ ನೆಲ ಮೂರು ಎಕರೆಯೇ ಇರಬಹುದು, ಇಲ್ಲದೆಯೂ ಇರಬಹುದು. ಅವನ ನೊಣಗಳು ಉಳುವುದು ನೆರೆಯವರ ನೆಲವನ್ನು. ಮೂಲೆಯ ಹೊಂಗೆಯ ಮರವನ್ನು ಯಾರೋ ಕಡಿಸಿದರೆ ಅವನ ಬೆಳೆಯೊಂದು ಹೋದಂತೆ. ಪಕ್ಕದ ತೋಟದವನು ಹೂವಿನ ಕಾಲದಲ್ಲಿ ನಡುಹಗಲು ಕೀಟನಾಶಕ ಸಿಂಪಡಿಸಿದರೆ, ಸಂಜೆಯ ಹೊತ್ತಿಗೆ ಪೆಟ್ಟಿಗೆಯ ಮುಂದೆ ಸತ್ತ ನೊಣಗಳ ರಾಶಿ ಬಿದ್ದಿರುತ್ತದೆ.

ಎರಡು ಪೆಟ್ಟಿಗೆಯ ಹವ್ಯಾಸಿ ಇದನ್ನು ಸಹಿಸಿಕೊಂಡಾನು. ಅದರ ಮೇಲೆ ಸಂಸಾರ ನಡೆಸುವವನು ಸಹಿಸಲಾರ. ಆದುದರಿಂದ ಕಸುಬಿನ ಮೊದಲ ಪಾಠ ಪೆಟ್ಟಿಗೆಯ ಒಳಗಿಲ್ಲ, ಬೇಲಿಯ ಆಚೆಗಿದೆ. ನೆರೆಯವರ ಮನೆಗೆ ಹೋಗಿ, ಸಿಂಪಡಿಸುವ ದಿನವನ್ನು ಮುಂಚಿತವಾಗಿ ತಿಳಿಸುವಂತೆಯೂ, ಸಾಧ್ಯವಾದರೆ ನೊಣಗಳು ಗೂಡು ಸೇರಿದ ಮೇಲೆ ಸಂಜೆ ಸಿಂಪಡಿಸುವಂತೆಯೂ ಕೇಳಿಕೊಳ್ಳಬೇಕು. ಆ ಕೋರಿಕೆಯ ಹಿಂದೆ ನ್ಯಾಯವೂ ಇದೆ. ನಮ್ಮ ಎತ್ತರದ ತೆಂಗಿನ ತಳಿಗಳಲ್ಲಿ ಒಂದು ಹೊಂಬಾಳೆಯ ಗಂಡು ಹೂಗಳು ಉದುರಿ ಮುಗಿದ ಮೇಲೆಯೇ ಅದರ ಹೆಣ್ಣು ಹೂಗಳು ಅರಳುವುದು ವಾಡಿಕೆ. ಬೇರೆ ಮರದ ಪರಾಗ ಬಂದು ಸೇರದೆ ಕಾಯಿ ಕಚ್ಚದು. ಕಾಫಿಯಲ್ಲಿ ಅರೇಬಿಕಾ ತನ್ನ ಪರಾಗದಿಂದಲೇ ಫಲಿಸಬಲ್ಲದು. ರೋಬಸ್ಟಾಕ್ಕಾದರೋ ಅನ್ಯ ಗಿಡದ ಪರಾಗ ಬೇಕೇ ಬೇಕು. ಸೂರ್ಯಕಾಂತಿ, ಹುಚ್ಚೆಳ್ಳುಗಳ ಕಾಳು ತುಂಬಲೂ ನೊಣದ ನೆರವು ದೊಡ್ಡದು. ಗಾಳಿಯ ಜೊತೆಗೆ ಈ ಸೇವೆಯನ್ನು ಸಲ್ಲಿಸುವ ನೊಣಕ್ಕೆ ನೆರೆಯವನು ದಯೆ ತೋರಿದರೆ, ಅದು ಅವನ ಕಣಜಕ್ಕೇ ಬಂದು ಸೇರುವುದು.

ಮೂರು ಸೀಮೆ, ಮೂರು ಪಂಚಾಂಗ

ಈ ೬೦ ಕಿಲೋಮೀಟರಿನ ವಿಶೇಷವಿರುವುದು ಇಲ್ಲಿಯೇ. ಒಂದೇ ಹಾಸನ ಜಿಲ್ಲೆಯೊಳಗೆ ಬಯಲುಸೀಮೆಯಿಂದ ಮಲೆನಾಡಿನವರೆಗೆ ಮಳೆಯೂ ಮಣ್ಣೂ ಬದಲಾಗುತ್ತವೆ. ಅವುಗಳೊಡನೆ ಹೂವಿನ ಕಾಲವೂ ಬದಲಾಗುತ್ತದೆ.

ಅರಸೀಕೆರೆ ಮಳೆ ಕಡಮೆಯ ನಾಡು, ತೆಂಗಿನ ನಾಡು. ತೆಂಗಿಗೆ ಇಂಥ ಋತುವೆಂಬುದಿಲ್ಲ. ಚೆನ್ನಾಗಿ ಬೆಳೆದ ಮರ ಹೆಚ್ಚು ಕಡಮೆ ತಿಂಗಳಿಗೊಂದು ಹೊಂಬಾಳೆಯನ್ನು ಬಿಚ್ಚುತ್ತದೆ. ಅದರಿಂದ ಸುಗ್ಗಿಯ ಜೇನು ಸುರಿಯದಿದ್ದರೂ ಹನ್ನೆರಡು ತಿಂಗಳೂ ನೊಣಕ್ಕೆ ಪರಾಗವೂ ಕೊಂಚ ಮಕರಂದವೂ ದೊರೆಯುತ್ತವೆ. ಅದನ್ನು ಜೇನು ಕುಟುಂಬದ ತವರುಮನೆ ಎನ್ನಬಹುದು. ಹಬ್ಬದೂಟ ಅಲ್ಲಿರದು, ಆದರೆ ಉಪವಾಸವೂ ಇರದು. ಮಳೆಗಾಲ ಹಿಂದೆಗೆಯುವಾಗ ಹುಚ್ಚೆಳ್ಳು ಬಿತ್ತಿದ ಹೊಲಗಳು ಹಳದಿಯಾಗುತ್ತವೆ. ಸೂರ್ಯಕಾಂತಿ ಬಿತ್ತಿದ ವರ್ಷ ಅದೂ ಸೇರುವುದು. ಬೇಸಿಗೆಯಲ್ಲಿ ಬೇವು, ಹೊಂಗೆ, ಆಮೇಲೆ ಹುಣಿಸೆ.

ಜಾವಗಲ್ಲಿನಿಂದ ಹಳೇಬೀಡಿನವರೆಗಿನ ನಡುಸೀಮೆ ಹೊಸಬರನ್ನು ಮೋಸಗೊಳಿಸುವಂಥದು. ದೋರಸಮುದ್ರದ ಕೆರೆಯ ಸುತ್ತ ಕಣ್ಣಿಗೆ ಹಸಿರೋ ಹಸಿರು. ಆದರೆ ಹಸಿರೆಲ್ಲ ಮೇವಲ್ಲ. ರಾಗಿಯೂ ಮುಸುಕಿನ ಜೋಳವೂ ನೊಣವನ್ನು ನಂಬಿದ ಬೆಳೆಗಳಲ್ಲ. ಅವುಗಳ ಹೂವಿನಲ್ಲಿ ಮಕರಂದವಿಲ್ಲ. ಆಲೂಗೆಡ್ಡೆಯ ಹೂವೂ ಮಕರಂದವಿಲ್ಲದ್ದೇ. ಇಂಥ ಹೊಲಗಳ ನಡುವೆ ನೂರು ಪೆಟ್ಟಿಗೆ ಇಟ್ಟವನು ಹಸಿರಿನ ನಡುವೆಯೇ ಬರವನ್ನು ಕಾಣುವನು. ಇಲ್ಲಿ ಜೇನಿಗೆ ಆಧಾರ ಬೇಲಿಯ ಹೊಂಗೆ, ದಾರಿಬದಿಯ ಹುಣಿಸೆ, ತೋಟದ ತೆಂಗು, ಹಾಳುಬಿದ್ದ ನೆಲದ ಕಾಡುಹೂಗಳು.

ಬೇಲೂರನ್ನು ದಾಟಿ ಬಿಕ್ಕೋಡು, ಅರೇಹಳ್ಳಿಗಳತ್ತ ಹೋದರೆ ಕಾಫಿಯ ಸೀಮೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ಕಂಪು ರಸ್ತೆಯವರೆಗೂ ಬರುತ್ತದೆ. ಆದರೆ ಆ ಹೂವಿನ ಸೊಗಸು ಮೂರು ನಾಲ್ಕು ದಿನಗಳದು. ಆ ದಿನಗಳಲ್ಲಿ ಪೆಟ್ಟಿಗೆಯೊಳಗೆ ದುಡಿಯುವ ನೊಣಗಳು ತುಂಬಿರಬೇಕು. ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು ಸುಮಾರು ಮೂರು ವಾರ ಹಿಡಿಯುತ್ತದೆ. ಹುಟ್ಟಿದ ನೊಣ ಮೊದಲು ಗೂಡಿನ ಒಳಗೆಲಸ ಮಾಡಿ, ಆ ಮೇಲೆ ಹೂವಿಗೆ ಹೊರಡುವುದು. ಎಂದರೆ ಕಾಫಿಯ ಹೂವಿಗೆ ಬೇಕಾದ ದಂಡು ಫೆಬ್ರವರಿಯಲ್ಲಿಯೇ ಮೊಟ್ಟೆಯ ರೂಪದಲ್ಲಿ ಸಿದ್ಧವಾಗಬೇಕು. ಹೂ ಕಂಡ ಮೇಲೆ ಪೆಟ್ಟಿಗೆ ಹುಡುಕುವವನು ಸಂತೆ ಮುಗಿದ ಮೇಲೆ ಚೀಲ ಹಿಡಿದು ಹೋದವನಂತೆ.

ಕಾಫಿಯ ಸುಗ್ಗಿ ಮುಗಿದು ಜೂನ್ ಬಂದಿತೆಂದರೆ ಅದೇ ಮಲೆನಾಡು ಜೇನಿಗೆ ಸೆರೆಮನೆಯಾಗುವುದು. ಬಿಡದೆ ಸುರಿಯುವ ಮಳೆಯಲ್ಲಿ ನೊಣ ಹೊರಬೀಳಲಾರದು. ಕೂಡಿಟ್ಟ ಜೇನನ್ನೆಲ್ಲ ಒಡೆಯ ತೆಗೆದುಕೊಂಡಿದ್ದರೆ ಕುಟುಂಬ ಹಸಿದು ಕ್ಷೀಣಿಸುತ್ತದೆ. ಇಲ್ಲವೆ ಗೂಡು ಬಿಟ್ಟು ಹಾರಿಹೋಗುತ್ತದೆ. ದುರ್ಬಲವಾದ ಗೂಡಿಗೆ ಮೇಣದ ಹುಳು ಬೀಳುತ್ತದೆ, ಇರುವೆ ನುಗ್ಗುತ್ತದೆ. ಹವ್ಯಾಸಿ ಜೇನಿನ ಸೇರನ್ನು ಲೆಕ್ಕ ಹಾಕುತ್ತಾನೆ. ಕಸುಬುದಾರ ಮಳೆಗಾಲದ ಕೊನೆಗೆ ಬದುಕುಳಿದ ಕುಟುಂಬಗಳನ್ನು ಲೆಕ್ಕ ಹಾಕುತ್ತಾನೆ. ಐವತ್ತರಲ್ಲಿ ಇಪ್ಪತ್ತು ಸತ್ತರೆ ಮುಂದಿನ ವರ್ಷವೆಲ್ಲ ಹಳೆಯ ಸಂಖ್ಯೆಯನ್ನು ಮುಟ್ಟುವುದರಲ್ಲಿಯೇ ಕಳೆದುಹೋಗುವುದು.

ರಾತ್ರಿಯ ಪಯಣ

ಹೀಗಿರುವಲ್ಲಿ ಪೆಟ್ಟಿಗೆಗಳು ಹೂವಿನ ಹಿಂದೆ ಹೋಗುವುದೇ ಉಪಾಯ. ಹೂಮಳೆಗೆ ಮುನ್ನ ಬೇಲೂರಿನ ಕಾಫಿಗೆ, ಮುಂಗಾರು ಬಲಿಯುವ ಮೊದಲು ಅರಸೀಕೆರೆಯ ತೆಂಗಿಗೆ, ಅಲ್ಲಿಯೇ ಮಳೆಗಾಲ ಕಳೆದು ಹುಚ್ಚೆಳ್ಳಿಗೆ: ಈ ಸುತ್ತಿಗೆ ಒಂದು ರಾತ್ರಿಯ ಪಯಣ ಸಾಕು. ಕಾಶ್ಮೀರಕ್ಕೋ ರಾಜಸ್ಥಾನಕ್ಕೋ ಪೆಟ್ಟಿಗೆ ಸಾಗಿಸುವ ಉತ್ತರ ದೇಶದ ಜೇನುಗಾರರು ಇಂಥ ಅನುಕೂಲವನ್ನು ಕಂಡರೆ ಅಸೂಯೆ ಪಟ್ಟಾರು.

ಪಯಣಕ್ಕೂ ಕ್ರಮವುಂಟು. ಕತ್ತಲಾಗಿ ನೊಣಗಳೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ಗಾಳಿಯಾಡುವ ಜಾಲರಿ ಹಾಕಬೇಕು. ಜೇನು ತುಂಬಿದ ಭಾರದ ಎರಿಗಳನ್ನು ಮೊದಲೇ ತೆಗೆದಿರಬೇಕು. ಇಲ್ಲವಾದರೆ ದಾರಿಯ ಕುಲುಕಾಟಕ್ಕೆ ಅವು ಮುರಿದು ರಾಣಿಯೇ ಸಾಯಬಹುದು. ಎರಿಗಳು ಬಂಡಿಯ ಓಟದ ದಿಕ್ಕಿಗೆ ಸಮನಾಗಿ ನಿಲ್ಲುವಂತೆ ಪೆಟ್ಟಿಗೆಗಳನ್ನು ಜೋಡಿಸಿ ಹಗ್ಗದಿಂದ ಬಿಗಿಯಬೇಕು. ಬೆಳಗಾಗುವುದರೊಳಗೆ ಹೊಸ ತಾಣದ ನೆರಳಿನಲ್ಲಿ ಇಳಿಸಿ ಬಾಗಿಲು ತೆರೆಯಬೇಕು. ಕಾಲುಮಣೆಯ ಕಾಲುಗಳಿಗೆ ನೀರಿನ ಬಟ್ಟಲು ಇಡುವುದನ್ನು ಮರೆತರೆ ಇರುವೆಗಳು ನೆನಪಿಸುತ್ತವೆ.

ಇವೆಲ್ಲಕ್ಕೂ ಮೊದಲು ತೋಟದ ಒಡೆಯರೊಡನೆ ಮಾತಾಗಿರಬೇಕು. ಕೂಲಿಯಾಳುಗಳು ಓಡಾಡುವ ದಾರಿಯಿಂದ ದೂರ ಇಡುವುದು, ದನಕರುಗಳು ತಾಗದಂತೆ ನೋಡಿಕೊಳ್ಳುವುದು, ಔಷಧಿ ಸಿಂಪಡಿಸುವ ದಿನ ತಿಳಿಸುವುದು, ಇವುಗಳನ್ನು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಜಗಳ ಹುಟ್ಟದು.

೧೯೯೧ರ ಪಾಠ

ಜೇನು ಕಸುಬು ಕನ್ನಡ ನಾಡಿಗೆ ಹೊಸತಲ್ಲ. ಕೊಡಗಿನ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ೧೯೩೬ರಲ್ಲಿಯೇ ಹುಟ್ಟಿತ್ತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ೧೯೫೭ರಲ್ಲಿ ಸ್ಥಾಪಿತವಾದ ಮೇಲೆ ಜೇನಿಗೆ ದೇಶದಾದ್ಯಂತ ಉತ್ತೇಜನ ದೊರೆಯಿತು. ೧೯೬೨ರಲ್ಲಿ ಪುಣೆಯಲ್ಲಿ ಕೇಂದ್ರ ಜೇನು ಸಂಶೋಧನಾ ಸಂಸ್ಥೆ ತೆರೆಯಿತು. ಮಲೆನಾಡಿನ ಅನೇಕ ಮನೆಗಳಲ್ಲಿ ಜೇನಿನ ಹಣ ಮಕ್ಕಳ ಓದಿಗೆ, ಮನೆಯ ಮಂಗಳಕಾರ್ಯಕ್ಕೆ ಆಗಿಬರುವ ಆದಾಯವಾಯಿತು.

ಆಗ ಬಂದಿತು ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ. ಥಾಯ್ಲೆಂಡಿನಲ್ಲಿ ೧೯೭೬ರಲ್ಲಿ ಮೊದಲು ಗುರುತಿಸಲ್ಪಟ್ಟ ಈ ವೈರಸ್ ೧೯೯೧–೯೨ರಲ್ಲಿ ದಕ್ಷಿಣ ಭಾರತವನ್ನು ಹೊಕ್ಕಿತು. ಇದು ಮರಿಹುಳುಗಳಿಗೆ ತಗಲುವ ರೋಗ. ಹುಳು ಕೋಶಾವಸ್ಥೆಗೆ ಹೋಗಲಾರದೆ, ತಲೆಯನ್ನು ಮೇಲೆತ್ತಿ, ನೀರು ತುಂಬಿದ ಚೀಲದಂತಾಗಿ ಸಾಯುತ್ತದೆ. ಹೊಸ ನೊಣ ಹುಟ್ಟದೆ ಗೂಡು ಬರಿದಾಗುತ್ತದೆ. ದಕ್ಷಿಣದ ತುಡುವೆ ಕುಟುಂಬಗಳಲ್ಲಿ ಶೇಕಡ ೯೦ಕ್ಕೂ ಮಿಕ್ಕಿ ನಾಶವಾದುವೆಂದು ಅಂದಾಜು. ಬೆಳಗ್ಗೆ ಎದ್ದರೆ ಗುಂಯ್‌ಗುಡುತ್ತಿದ್ದ ಅಂಗಳಗಳು ಮೌನವಾದುವು. ಪೆಟ್ಟಿಗೆಗಳು ಅಟ್ಟ ಸೇರಿದುವು. ಅದರಿಂದಲೇ ಜೀವನ ಸಾಗಿಸುತ್ತಿದ್ದವರು ಬೇರೆ ಕೆಲಸ ಹುಡುಕಬೇಕಾಯಿತು.

ಆ ರೋಗಕ್ಕೆ ಮದ್ದಿಲ್ಲ. ಉಳಿದುಕೊಂಡ ಗಟ್ಟಿ ಕುಟುಂಬಗಳೇ ಮತ್ತೆ ಪಾಲಾಗಿ, ಹೆಚ್ಚಿ, ಇಂದಿನ ತುಡುವೆಗೆ ಮೂಲವಾದುವು. ಕಸುಬು ಹಿಡಿಯುವವರಿಗೆ ಇದರಲ್ಲಿ ದೊಡ್ಡ ಎಚ್ಚರಿಕೆಯಿದೆ. ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಕಡೆ ಕೂಡಿಡಬಾರದು. ಗುರುತಿಲ್ಲದ ಕಡೆಯಿಂದ ಅಗ್ಗಕ್ಕೆ ಕುಟುಂಬಗಳನ್ನು ತರಬಾರದು. ರೋಗ ಕಂಡ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕಬಾರದು. ರೋಗವನ್ನು ತಡೆದು ನಿಂತ, ಹೆಚ್ಚು ದುಡಿಯುವ, ಗೂಡು ಬಿಟ್ಟು ಓಡದ ಕುಟುಂಬಗಳಿಂದಲೇ ಪಾಲು ಮಾಡಿಸಬೇಕು. ಮುಖ್ಯವಾಗಿ, ಮನೆಯ ಸಮಸ್ತ ಸಂಪಾದನೆಯನ್ನೂ ಮೊದಲ ದಿನದಿಂದಲೇ ಜೇನಿನ ಮೇಲೆ ಹೊರಿಸಬಾರದು.

ಯಾವ ನೊಣ?

ತುಡುವೆಯು ಸಾಮಾನ್ಯವಾಗಿ ಪೆಟ್ಟಿಗೆಗೆ ವರ್ಷಕ್ಕೆ ಐದರಿಂದ ಹತ್ತು ಕಿಲೋ ಜೇನು ಕೊಟ್ಟರೆ, ಮೆಲ್ಲಿಫೆರಾ ಎಂಬ ಯೂರೋಪಿನ ನೊಣ ಅದರ ಮೂರು ನಾಲ್ಕು ಪಟ್ಟು ಕೊಡಬಲ್ಲದು. ಹಿಮಾಚಲದ ನಗ್ರೋಟಾ ಬಗವಾನಿನಲ್ಲಿ ೧೯೬೨ರಲ್ಲಿ ನೆಲೆಯೂರಿದ ಈ ನೊಣವೇ ಇಂದು ಉತ್ತರ ಭಾರತದ ಜೇನು ವ್ಯಾಪಾರಕ್ಕೆ ಆಧಾರ. ಇದಕ್ಕೆ ಥಾಯ್ ರೋಗದ ಬಾಧೆಯಿಲ್ಲ. ಎರಡು ಮೂರು ಕಿಲೋಮೀಟರ್ ದೂರ ಹೋಗಿ ಮೇಯುತ್ತದೆ. ಹಾಗೆಂದು ಎಲ್ಲರೂ ಇದನ್ನೇ ತರಬೇಕೆಂದಿಲ್ಲ. ದೊಡ್ಡ ದಂಡಿಗೆ ದೊಡ್ಡ ಮೇವು ಬೇಕು. ಹೂವಿಲ್ಲದ ದಿನಗಳಲ್ಲಿ ಸಕ್ಕರೆಯ ಪಾಕ ಉಣಿಸುತ್ತಿರಬೇಕು. ವರೋವಾ ಎಂಬ ನುಸಿಯನ್ನು ತುಡುವೆ ತಾನೇ ಮೈಕೊಡವಿ, ಕಚ್ಚಿ ತೆಗೆಯಬಲ್ಲದು. ಮೆಲ್ಲಿಫೆರಾಕ್ಕೆ ಮನುಷ್ಯನ ನೆರವು ಬೇಕು. ಪೆಟ್ಟಿಗೆಯನ್ನು ಸಾಗಿಸುತ್ತಲೇ ಇರುವವನಿಗೆ ಮೆಲ್ಲಿಫೆರಾ, ನೆಲೆನಿಂತು ಸ್ವಲ್ಪ ದೂರ ಮಾತ್ರ ಓಡಾಡುವವನಿಗೆ ತುಡುವೆ ಎಂಬುದು ಒಂದು ಸ್ಥೂಲವಾದ ಸೂತ್ರ.

ಸೀಸೆಯ ಮರ್ಯಾದೆ

ಹವ್ಯಾಸಿಯ ಜೇನು ತಿಂಗಳೊಳಗೆ ಖರ್ಚಾಗುವುದು. ಮಾರುವ ಜೇನು ಅಂಗಡಿಯ ಬಡುವಿನಲ್ಲಿ ವರ್ಷ ಕೂತಿರಬೇಕು. ನೊಣ ತಂದ ಮಕರಂದದಲ್ಲಿ ನೀರೇ ಹೆಚ್ಚು. ರೆಕ್ಕೆ ಬೀಸಿ ಅದನ್ನು ಆರಿಸಿ, ಹದವಾದ ಮೇಲೆ ನೊಣ ಮೇಣದ ಮುಚ್ಚಳ ಹಾಕುತ್ತದೆ. ಆತುರಪಟ್ಟು ಮುಚ್ಚಳ ಬೀಳದ ಎರಿಯಿಂದ ಜೇನು ತೆಗೆದರೆ ಅದು ಕೆಲವೇ ವಾರಗಳಲ್ಲಿ ನೊರೆಗಟ್ಟಿ ಹುಳಿಯಾಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಜೇನಿನ ತೇವಾಂಶ ಶೇಕಡ ೨೦ನ್ನು ಮೀರಬಾರದು. ತೇವಾಂಶ ಅಳೆಯುವ ಚಿಕ್ಕ ಉಪಕರಣ, ತುಕ್ಕು ಹಿಡಿಯದ ಜೇನು ತೆಗೆಯುವ ಯಂತ್ರ, ಶುಚಿಯಾದ ಸೀಸೆ, ಪ್ರಾಧಿಕಾರದ ನೋಂದಣಿ, ಇವು ಕಸುಬಿನ ಖರ್ಚಿನಲ್ಲಿ ಮೊದಲು ಬರೆಯಬೇಕಾದ ಬಾಬುಗಳು.

ಗಿರಾಕಿಯ ನಂಬಿಕೆಯೂ ಈಗ ಸುಲಭವಲ್ಲ. ೨೦೨೦ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಮಾರುಕಟ್ಟೆಯ ೧೩ ಹೆಸರಿನ ಜೇನುಗಳನ್ನು ಪರೀಕ್ಷೆಗೆ ಕಳುಹಿಸಿ, ಹೆಚ್ಚಿನವುಗಳಲ್ಲಿ ಸಕ್ಕರೆ ಪಾಕದ ಬೆರಕೆಯಿದೆಯೆಂದು ಪ್ರಕಟಿಸಿತು. ಕಂಪನಿಗಳು ಅಲ್ಲಗಳೆದುವು. ಅಂದಿನಿಂದ ಅನೇಕ ಗೃಹಿಣಿಯರು ಅಡಿಗೆಮನೆಯಲ್ಲಿಯೇ ನೀರಿನ ಲೋಟ, ಬೆಂಕಿಕಡ್ಡಿ ಹಿಡಿದು ಪರೀಕ್ಷೆಗೆ ಇಳಿಯುವುದುಂಟು. ಈ ಪರೀಕ್ಷೆಗಳಿಂದ ಸತ್ಯ ತಿಳಿಯದು. ಚಳಿಗಾಲದಲ್ಲಿ ಜೇನು ಹರಳುಗಟ್ಟಿದರೆ ಕಲಬೆರಕೆಯೆಂದು ತಿಳಿಯುವುದೂ ತಪ್ಪು; ಅಪ್ಪಟ ಜೇನೂ ಹರಳುಗಟ್ಟುತ್ತದೆ, ಉಗುರುಬೆಚ್ಚಗಿನ ನೀರಿನಲ್ಲಿ ಸೀಸೆ ಇಟ್ಟರೆ ಕರಗುತ್ತದೆ. ಯಾವ ತೋಟದ್ದು, ಯಾವ ತಿಂಗಳಿನದು, ಯಾರು ತೆಗೆದದ್ದು ಎಂಬುದನ್ನು ಸೀಸೆಯ ಮೇಲೆ ಬರೆದು, ಅದಕ್ಕೆ ತಪ್ಪದೆ ನಡೆಯುವ ಚಿಕ್ಕ ಜೇನುಗಾರನಿಗೆ ಇಲ್ಲಿಯೇ ಅವಕಾಶವಿರುವುದು. ಬೇಲೂರು, ಹಳೇಬೀಡುಗಳ ದೇವಾಲಯಗಳು ೨೦೨೩ರಲ್ಲಿ ಸೋಮನಾಥಪುರದೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ದೂರದಿಂದ ಬಂದವರು ಕೊಂಡೊಯ್ಯುವ ನೆನಪಿನ ವಸ್ತುಗಳಲ್ಲಿ ಕಾಫಿಯ ಹೂವಿನ ಕಾಲದ ಒಂದು ಪುಟ್ಟ ಸೀಸೆ ಜೇನಿಗೂ ಸ್ಥಳವುಂಟು.

ಮೂರು ಮಳೆಗಾಲದ ವ್ರತ

ಕಲಿಯಲು ಈಗ ದಾರಿಗಳು ಹಲವು. ತೋಟಗಾರಿಕೆ ಇಲಾಖೆ ಜೇನು ಸಾಕಣೆಗೆ ನೆರವಾಗುತ್ತದೆ. ಹಾಸನದ ಬಳಿ ಕಾರೆಕೆರೆಯಲ್ಲಿ ಕೃಷಿ ಕಾಲೇಜೂ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಕೇಂದ್ರ ಸರ್ಕಾರವು ೨೦೨೦ರಲ್ಲಿ ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನು ಮಿಷನ್ನಿಗೆ ೫೦೦ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ಆದರೆ ಸಹಾಯಧನ ಪೆಟ್ಟಿಗೆಯನ್ನು ತರಬಲ್ಲದೇ ಹೊರತು ಪೆಟ್ಟಿಗೆಯೊಳಗಿನ ಬಾಳನ್ನು ಕಾಯಲಾರದು. ಅದಕ್ಕೆ ದಿನಚರಿಯ ಪುಸ್ತಕವೊಂದು ಬೇಕು. ಎರಡು ಪೆಟ್ಟಿಗೆಗಳ ಸ್ವಭಾವ ನೆನಪಿನಲ್ಲಿ ನಿಂತೀತು. ಐವತ್ತಾದಾಗ ಯಾವ ರಾಣಿಗೆ ಎಷ್ಟು ವಯಸ್ಸು, ಯಾವ ಪೆಟ್ಟಿಗೆಯಲ್ಲಿ ಪಾಲಾಗುವ ಸೂಚನೆ, ಯಾವುದಕ್ಕೆ ಎಂದು ಪಾಕ ಕೊಟ್ಟದ್ದು, ಯಾವ ಮರ ಯಾವ ವಾರ ಹೂ ಬಿಟ್ಟಿತು ಎಂಬುದೆಲ್ಲ ಬರೆದಿಡಬೇಕಾದ ಸಂಗತಿಗಳು. ಮನೆಯಾಕೆಯೋ ಮಕ್ಕಳೋ ಈ ಪುಸ್ತಕದ ಹೊಣೆ ಹೊತ್ತ ಮನೆಯಲ್ಲಿ ಕಸುಬು ಬೇರುಬಿಡುವುದು ಬೇಗ.

ಎರಡರಿಂದ ಹತ್ತು, ಹತ್ತರಿಂದ ಮೂವತ್ತು, ಆ ಮೇಲೆ ಐವತ್ತು ಎಂದು ಪ್ರತಿ ಮೆಟ್ಟಿಲಿಗೂ ಒಂದು ಮಳೆಗಾಲವನ್ನು ಕೊಟ್ಟು ಏರುವುದು ಕ್ಷೇಮ. ಆ ಮೂರು ಮಳೆಗಾಲ ಕಳೆಯುವವರೆಗೂ ಉಪಾಧ್ಯಾಯರು ಶಾಲೆಯ ಕೆಲಸವನ್ನು ಬಿಡದಿರುವುದೂ ಜಾಣತನ. ಜೇನಿನ ಜೊತೆಗೆ ಮೇಣ, ಪಾಲು ಮಾಡಿದ ಕುಟುಂಬಗಳ ಮಾರಾಟ, ಪರಾಗಸ್ಪರ್ಶಕ್ಕಾಗಿ ತೋಟಗಳಿಗೆ ಪೆಟ್ಟಿಗೆ ಒದಗಿಸುವುದು, ಇವೂ ಆದಾಯದ ಕವಲುಗಳು. ಹೂ ಸೊರಗಿದ ವರ್ಷದಲ್ಲಿ ಕೈಹಿಡಿಯುವುವು ಇವೇ.

ಕಸುಬಾದ ಮೇಲೆ ಹವ್ಯಾಸದ ಸುಖ ಹೋಗುವುದೆಂಬ ಮಾತುಂಟು. ಜೇನಿನ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ. ಸಂಜೆ ಪೆಟ್ಟಿಗೆಯ ಬಳಿ ಕುಳಿತು ನೋಡುವ ಅಭ್ಯಾಸವನ್ನು ಕಸುಬುದಾರನೂ ಬಿಡುವಂತಿಲ್ಲ. ರೋಗ, ಹಸಿವು, ಪಾಲಾಗುವ ಆತುರ ಎಲ್ಲವೂ ಮೊದಲು ಕಾಣುವುದು ಗೂಡಿನ ಬಾಗಿಲಲ್ಲಿಯೇ. ಒಂದು ಎರಿಯ ಮುಂದೆ ತಾಳ್ಮೆಯಿಂದ ನಿಲ್ಲಬಲ್ಲವನಿಗೆ ಐವತ್ತು ಪೆಟ್ಟಿಗೆಯೂ ಒಲಿದೀತು. ಆ ತಾಳ್ಮೆ ಇಲ್ಲದವನಿಗೆ ಎರಡೂ ಭಾರವೇ.